ಆಟಿಕೆ ಲಾರಿಗೆ ಪುಟ್ಟ ಉಗಿ ಎಂಜಿನ್: ಮೊದಲು ಗಾಳಿಯಲ್ಲಿ ಓಡಿಸಿ, ಆಮೇಲೆ ಬೆಂಕಿ ಹಚ್ಚಿ

ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನ ಹತ್ತಿರ ಬಂತು ಅಂದರೆ ಹುಬ್ಬಳ್ಳಿಯ ನನ್ನ ಶೆಡ್ಡಿಗೆ ಓಡದ ಎಂಜಿನ್‌ಗಳು ಬರಲು ಶುರುವಾಗುತ್ತವೆ. ಹೋದ ಸಲ ಧಾರವಾಡದಿಂದ ಬಂದ ಒಬ್ಬ ಹುಡುಗ ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟು ಹೇಳಿದ: "ಸರ್, ಅಳತಿ ಎಲ್ಲಾ ಬರೋಬ್ಬರಿ ಐತ್ರಿ, ಆದ್ರ ತಿರಗವಲ್ದು." ಅಳತೆ ನಿಜವಾಗಿಯೂ ಸರಿ ಇತ್ತು. ಕೆಲಸದ ಕ್ರಮ ತಪ್ಪಿತ್ತು. ಎಲ್ಲಕ್ಕಿಂತ ಮೊದಲು ಬಾಯ್ಲರ್ ಮಾಡಿ, ಬೆಂಕಿ ಹಚ್ಚಿ, ಸೋರುವ ಎಂಜಿನ್ನನ್ನು ಉಗಿಯಲ್ಲೇ ರಿಪೇರಿ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದ.

ಬಂದವರಲ್ಲಿ ಮುಕ್ಕಾಲು ಪಾಲು ಜನ ಇದೇ ತಪ್ಪು ಮಾಡಿರುತ್ತಾರೆ. ಅದಕ್ಕೇ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಎಂಜಿನ್ ಮೊದಲು. ಅದು ಪಂಪಿನ ಗಾಳಿಯಲ್ಲಿ ಸಲೀಸಾಗಿ ತಿರುಗುವವರೆಗೆ ಬಾಯ್ಲರಿಗೆ ತಾಮ್ರ ಕೊಳ್ಳಲೇ ಬೇಡಿ.

ನಾವು ಮಾಡುವುದು ತೂಗಾಡುವ ಸಿಲಿಂಡರ್‌ನ ಎಂಜಿನ್. ಇದಕ್ಕೆ ಬೇರೆ ವಾಲ್ವ್ ಇಲ್ಲ. ಸಿಲಿಂಡರ್ ತೊಟ್ಟಿಲಿನ ಹಾಗೆ ಎಡಕ್ಕೂ ಬಲಕ್ಕೂ ಆಡುತ್ತದೆ. ಆಡುವಾಗ ಅದರ ಮೈಮೇಲಿನ ಒಂದು ತೂತು ಪ್ಲೇಟಿನ ಎರಡು ತೂತುಗಳ ಮುಂದೆ ಸರದಿಯಂತೆ ಬರುತ್ತದೆ. ಒಂದರಿಂದ ಉಗಿ ಒಳಗೆ, ಇನ್ನೊಂದರಿಂದ ಹೊರಗೆ. ಇಡೀ ಎಂಜಿನ್ನಿನ ಪ್ರಾಣ ಈ ಮೂರು ತೂತುಗಳಲ್ಲಿದೆ.

ಬೇಕಾಗುವ ಸಾಮಾನು

ಸಿಲಿಂಡರಿಗೆ ಹೊರಗೆ 12, ಒಳಗೆ 10 ಮಿ.ಮೀ. ಇರುವ ಹಿತ್ತಾಳೆ ಪೈಪ್. ಪಿಸ್ಟನ್ನಿಗೆ ಹಿತ್ತಾಳೆ ರಾಡ್. 12 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿಯ ಒಂದು ತುಂಡು. ಇದಕ್ಕೆ ಮುಂದೆ 'ಬ್ಲಾಕ್' ಅಂತ ಕರೆಯುತ್ತೇನೆ. 70×30 ಮಿ.ಮೀ. ಅಳತೆಯ, 5 ಮಿ.ಮೀ. ದಪ್ಪದ ಹಿತ್ತಾಳೆ ಪ್ಲೇಟ್. 4 ಮಿ.ಮೀ. ಸ್ಟೀಲ್ ಶಾಫ್ಟ್, 3 ಮಿ.ಮೀ. ರಾಡ್, ಹಳೇ ಬಾಲ್‌ಪೆನ್ನಿನ ಸ್ಪ್ರಿಂಗ್, ಸಣ್ಣ ತಾಮ್ರದ ಪೈಪ್.

ಉಪಕರಣಗಳಲ್ಲಿ ವೈಸ್, ಹ್ಯಾಕ್ಸಾ, ಅರ, ವರ್ನಿಯರ್, ಸೆಂಟರ್ ಪಂಚ್, ಎಂ3 ಟ್ಯಾಪ್ (3 ಮಿ.ಮೀ. ಬೋಲ್ಟಿಗೆ ತೂತಿನೊಳಗೆ ತಿರುಪು ಕೊರೆಯುವುದು), 1.5 ಮಿ.ಮೀ. ಡ್ರಿಲ್ ಬಿಟ್ ಬೇಕು. ಬಿಟ್ ಮಾತ್ರ ನಾಲ್ಕು ತಂದಿಡಿ, ಎರಡಾದರೂ ಮುರಿಯುತ್ತವೆ. ತೂತು ಕೊರೆಯಲು ಡ್ರಿಲ್ ಸ್ಟ್ಯಾಂಡ್ ಬೇಕೇ ಬೇಕು. ಕೈಯಲ್ಲಿ ಹಿಡಿದ ಡ್ರಿಲ್ಲಿನಿಂದ ನೆಟ್ಟಗೆ ಕೊರೆದವರನ್ನು ನಾನಂತೂ ನೋಡಿಲ್ಲ.

ಮನೆಯಲ್ಲಿ ಲೇತ್ ಇಲ್ಲದಿದ್ದರೆ ಚಿಂತೆ ಬೇಡ. ಪಿಸ್ಟನ್, ಕ್ರ್ಯಾಂಕ್ ಡಿಸ್ಕ್ (ಪಿಸ್ಟನ್ನಿನ ರಾಡ್ ಸೇರುವ ಪಿನ್ ಇರುವ, ಶಾಫ್ಟಿನ ಬಿಲ್ಲೆ), ಫ್ಲೈವೀಲ್ (ಶಾಫ್ಟಿನ ಭಾರದ ಚಕ್ರ) ಮೂರೇ ಲೇತ್ ಕೆಲಸ. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಇಂಥ ಸಣ್ಣ ಕೆಲಸ ಮಾಡಿಕೊಡುವವರು ಸಿಗುತ್ತಾರೆ. ಆದರೆ ಬರೀ ಚಿತ್ರ ಒಯ್ಯಬೇಡಿ, ಪೈಪಿನ ತುಂಡನ್ನೂ ಒಯ್ಯಿರಿ. "10 ಮಿ.ಮೀ. ಪಿಸ್ಟನ್" ಅಂದರೆ ಅವರು 10 ಮಿ.ಮೀ. ಮಾಡಿ ಕೊಡುತ್ತಾರೆ. ನಿಮ್ಮ ಪೈಪಿನ ಒಳಗು 9.9 ಇದ್ದರೆ ಏನು ಮಾಡುತ್ತೀರಿ? "ಈ ಪೈಪಿನೊಳಗೆ ಜಾರಬೇಕು, ಅಲ್ಲಾಡಬಾರದು" ಅಂತ ಹೇಳಿ.

ಹಂತ 1: ಸಿಲಿಂಡರ್ ಮತ್ತು ಪಿಸ್ಟನ್

ಪೈಪನ್ನು 33 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಒಂದು ತುದಿಗೆ 3 ಮಿ.ಮೀ. ದಪ್ಪದ ಹಿತ್ತಾಳೆ ಬಿರಡೆ ಹಾಕಬೇಕು. ಅಂದರೆ ಒಳಗೆ ಉಳಿಯುವ ಉದ್ದ 30 ಮಿ.ಮೀ.

ಬ್ಲಾಕಿನ ಉದ್ದ 24 ಮಿ.ಮೀ. ಅದರ ಬೆನ್ನಿಗೆ ಉದ್ದಕ್ಕೂ ದುಂಡು ಅರದಿಂದ 1.5 ಮಿ.ಮೀ. ಆಳದ ತೋಡು ಮಾಡಿ, ಪೈಪ್ ಅದರಲ್ಲಿ ಕೂಡಬೇಕು. ಬ್ಲಾಕಿನ ಮುಂಭಾಗದಲ್ಲಿ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಬಿರಡೆಯ ಒಳಮುಖದಿಂದ 11 ಮಿ.ಮೀ. ಕೆಳಗೆ ಕೀಲಿನ ಜಾಗ, ಅಂದರೆ ಸಿಲಿಂಡರ್ ತೂಗಾಡುವ ಬೋಲ್ಟ್ ಬರುವ ಕಡೆ. ಅಲ್ಲಿ 4 ಮಿ.ಮೀ. ಆಳ ಕೊರೆದು ಎಂ3 ಟ್ಯಾಪ್ ಹಾಕಿ. ಕೀಲಿನಿಂದ ಮೇಲಕ್ಕೆ 10 ಮಿ.ಮೀ. ದೂರದಲ್ಲಿ ಉಗಿಯ ತೂತು ಬರುತ್ತದೆ. ಅದನ್ನು ಈಗ ಕೊರೆಯಬೇಡಿ, ಗುರುತು ಮಾತ್ರ ಮಾಡಿ.

ಬ್ಲಾಕ್, ಪೈಪ್, ಬಿರಡೆ ಮೂರನ್ನೂ ಒಟ್ಟಿಗೆ ಕಟ್ಟಿ ಸೀಸದ ಬೆಸುಗೆ ಹಾಕಿ. ಎಂಜಿನ್ನಿಗೆ ಇದು ನಡೆಯುತ್ತದೆ, ಯಾಕೆಂದರೆ 60/40 ಬೆಸುಗೆ (60 ಪಾಲು ತವರ, 40 ಪಾಲು ಸೀಸ) 183 ಡಿಗ್ರಿಗೆ ಕರಗಲು ಶುರುವಾಗುತ್ತದೆ, ನಮ್ಮ ಉಗಿಯ ಬಿಸಿ 120 ಡಿಗ್ರಿ ಆಸುಪಾಸು. ಬಾಯ್ಲರಿಗೆ ಮಾತ್ರ ಈ ಬೆಸುಗೆ ಮುಟ್ಟಿಸಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಎಲ್ಲ ತಣ್ಣಗಾದ ಮೇಲೆ 1.5 ಮಿ.ಮೀ. ಬಿಟ್ಟಿನಿಂದ ಉಗಿಯ ತೂತು ಕೊರೆಯಿರಿ. ಮೊದಲೇ ಕೊರೆದರೆ ಬೆಸುಗೆ ಹರಿದು ತೂತು ಮುಚ್ಚುತ್ತದೆ.

ಪಿಸ್ಟನ್ 10 ಮಿ.ಮೀ. ಉದ್ದ ಇರಲಿ. ಅದರ ಮೈಮೇಲೆ ಎಣ್ಣೆ ನಿಲ್ಲಲು ಎರಡು ಸಣ್ಣ ಗೀರು ಹಾಕಿಸಿ. ಪಿಸ್ಟನ್ನಿನ ತಲೆಯಿಂದ ಕ್ರ್ಯಾಂಕ್ ಪಿನ್ನಿನ ನಡುವಿನವರೆಗೆ 41 ಮಿ.ಮೀ. ಬರಬೇಕು. ರಾಡಿನ ಎರಡೂ ತುದಿಗೆ ಎಂ3 ತಿರುಪು ಹಾಕಿದರೆ ಆಮೇಲೆ ಉದ್ದ ಹೊಂದಿಸಿಕೊಳ್ಳಬಹುದು.

ಪರೀಕ್ಷೆ ಸುಲಭ. ಪಿಸ್ಟನ್ನಿಗೆ ಒಂದು ಹನಿ ಎಣ್ಣೆ ಹಾಕಿ ಒಳಗೆ ತಳ್ಳಿ. ಉಗಿಯ ತೂತನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ರಾಡ್ ಹಿಡಿದು ಎಳೆದು ಬಿಡಿ. ಪಿಸ್ಟನ್ ಟಕ್ ಅಂತ ವಾಪಸ್ ಹೋದರೆ ಹೊಂದಾಣಿಕೆ ಚೆನ್ನಾಗಿದೆ. ಎಳೆದಲ್ಲೇ ನಿಂತರೆ ಒಂದೋ ಬಿಗಿ, ಇಲ್ಲವೇ ಗಾಳಿ ಪಕ್ಕದಿಂದ ನುಸುಳುತ್ತಿದೆ. ಬಿಗಿ ಇದ್ದರೆ ಪಾಲಿಶ್ ಪೇಪರ್ ಹಚ್ಚಿ. ಸಡಿಲ ಇದ್ದರೆ ಹೊಸ ಪಿಸ್ಟನ್ನೇ ದಾರಿ, ಬೇರೆ ಉಪಾಯ ಹುಡುಕುತ್ತಾ ಸಮಯ ಕಳೆಯಬೇಡಿ.

ಹಂತ 2: ಪ್ಲೇಟಿನ ಎರಡು ತೂತು

ಸೋಲುವವರು ಸೋಲುವುದು ಇಲ್ಲೇ. ಅವಸರ ಬೇಡ.

ಪ್ಲೇಟಿನ ನಡುಗೆರೆಯ ಮೇಲೆ ಕೆಳತುದಿಯಿಂದ 8 ಮಿ.ಮೀ. ಬಿಟ್ಟು ಕ್ರ್ಯಾಂಕ್ ಶಾಫ್ಟಿನ ತೂತು. ಅಲ್ಲಿಂದ ಮೇಲೆ 40 ಮಿ.ಮೀ. ದೂರದಲ್ಲಿ ಕೀಲಿನ ತೂತು. ಕ್ರ್ಯಾಂಕ್ ಡಿಸ್ಕ್ 24 ಮಿ.ಮೀ. ವ್ಯಾಸದ್ದು. ಅದರ ನಡುವಿನಿಂದ 8 ಮಿ.ಮೀ. ದೂರದಲ್ಲಿ ಪಿನ್ ಇರಲಿ. ಆಗ ಪಿಸ್ಟನ್ 16 ಮಿ.ಮೀ. ಓಡಾಡುತ್ತದೆ.

ಈಗ ಲೆಕ್ಕ ನೋಡಿ. ಸಿಲಿಂಡರಿನ ತೂತು ನಡುಗೆರೆಯಿಂದ ಎಷ್ಟು ಪಕ್ಕಕ್ಕೆ ಸರಿಯುತ್ತದೆ? ಕೀಲಿನಿಂದ ತೂತಿಗಿರುವ ದೂರವನ್ನು ಪಿನ್ನಿನ ದೂರದಿಂದ ಗುಣಿಸಿ, ಕೀಲಿನಿಂದ ಶಾಫ್ಟಿಗಿರುವ ದೂರದಿಂದ ಭಾಗಿಸಿ. 10×8÷40, ಅಂದರೆ 2 ಮಿ.ಮೀ. ಹಾಗಾಗಿ ಪ್ಲೇಟಿನ ತೂತುಗಳು ನಡುಗೆರೆಯ ಎರಡೂ ಕಡೆ 2 ಮಿ.ಮೀ. ದೂರದಲ್ಲಿ ಬರಬೇಕು. ತೂತಿನ ವ್ಯಾಸ ಈ 2 ಮಿ.ಮೀ.ಗಿಂತ ಕಡಿಮೆ ಇರಲೇಬೇಕು. ಇಲ್ಲದಿದ್ದರೆ ಸಿಲಿಂಡರ್ ನೆಟ್ಟಗೆ ನಿಂತಾಗ ಅದರ ತೂತು ಎರಡೂ ತೂತಿಗೆ ಒಟ್ಟಿಗೆ ತಗಲುತ್ತದೆ, ಉಗಿ ಪಿಸ್ಟನ್ನನ್ನು ತಳ್ಳದೆ ಸೀದಾ ಹೊರಗೆ ಹೋಗುತ್ತದೆ. 1.5 ಮಿ.ಮೀ. ಇಟ್ಟರೆ ಎರಡೂ ಕಡೆ ಅರ್ಧ ಮಿ.ಮೀ. ತಡೆ ಸಿಗುತ್ತದೆ. "ಉಗಿ ಜಾಸ್ತಿ ಹೋಗಲಿ" ಅಂತ 2.5 ಮಿ.ಮೀ. ಕೊರೆದ ಎಂಜಿನ್‌ಗಳು ನನ್ನ ಶೆಲ್ಫಿನಲ್ಲಿ ಮೂರು ಕೂತಿವೆ.

ಲೆಕ್ಕ ಗೊತ್ತಾಯಿತು ಅಂತ ಸ್ಕೇಲ್ ಇಟ್ಟು ಗುರುತು ಮಾಡಲು ಹೋಗಬೇಡಿ. ಕಾಲು ಮಿ.ಮೀ. ತಪ್ಪಿದರೂ ಎಂಜಿನ್ ಕುಂಟುತ್ತದೆ. ಗುರುತನ್ನು ಎಂಜಿನ್ನಿನ ಕೈಯಿಂದಲೇ ಹಾಕಿಸಬೇಕು. ಹೀಗೆ:

ಒಂದು ತಗಡಿನ ಪಟ್ಟಿ ತೆಗೆದುಕೊಳ್ಳಿ, 12 ಮಿ.ಮೀ. ಅಗಲ, 75 ಮಿ.ಮೀ. ಉದ್ದ. ಅದರ ನಡುಗೆರೆಯ ಮೇಲೆ ಕೀಲಿಗೆ 3 ಮಿ.ಮೀ. ತೂತು, ಅದರಿಂದ 10 ಮಿ.ಮೀ. ಮೇಲೆ 1.5 ಮಿ.ಮೀ. ತೂತು. ಕೆಳಗೆ 30ರಿಂದ 50 ಮಿ.ಮೀ.ವರೆಗೆ ಕ್ರ್ಯಾಂಕ್ ಪಿನ್ ಓಡಾಡುವಷ್ಟು ಅಗಲದ ಉದ್ದನೆಯ ಕಂಡಿ. ಕ್ರ್ಯಾಂಕನ್ನು ಅದರ ಜಾಗದಲ್ಲಿ ಕೂಡಿಸಿ. ಪಟ್ಟಿಯನ್ನು ಕೀಲಿಗೆ ಬೋಲ್ಟಿನಿಂದ ಹಿಡಿಸಿ, ಕಂಡಿಯೊಳಗೆ ಪಿನ್ ತೂರಿಸಿ. ಪಟ್ಟಿಯ ಮೇಲ್ಭಾಗ ಪ್ಲೇಟಿಗೆ ಅಂಟಿಕೊಂಡೇ ಇರಲಿ. ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ. ಪಟ್ಟಿಯ ತಲೆ ಎಡಕ್ಕೆ ವಾಲುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ, ಇನ್ನೂ ತಿರುಗಿಸಿದರೆ ವಾಪಸ್ ಬರುತ್ತದೆ. ಆ ನಿಂತ ಜಾಗದಲ್ಲಿ ಕ್ಲಾಂಪ್ ಹಾಕಿ, ಪಟ್ಟಿಯ ಸಣ್ಣ ತೂತಿನ ಮೂಲಕವೇ ಪ್ಲೇಟನ್ನು ಕೊರೆಯಿರಿ. ಬಲಕ್ಕೂ ಹಾಗೇ ಮಾಡಿ. ನಿಮ್ಮ 40 ಮಿ.ಮೀ. 39.6 ಆಗಿದ್ದರೂ ತೂತು ಸರಿಯಾದ ಜಾಗಕ್ಕೇ ಬೀಳುತ್ತದೆ.

ಪ್ಲೇಟಿನ ಹಿಂಭಾಗದಲ್ಲಿ ಎರಡೂ ತೂತಿಗೆ ಸಣ್ಣ ತಾಮ್ರದ ಪೈಪ್ ಬೆಸೆಯಿರಿ. ಯಾವುದು ಉಗಿಗೆ, ಯಾವುದು ಹೊರಗೆ ಅನ್ನುವುದು ಲಾರಿ ಯಾವ ಕಡೆ ಓಡಬೇಕು ಅನ್ನುವುದರ ಮೇಲೆ ನಿಂತಿದೆ. ಅದಲು ಬದಲು ಮಾಡಿದರೆ ಎಂಜಿನ್ ಹಿಮ್ಮುಖವಾಗಿ ತಿರುಗುತ್ತದೆ.

ಹಂತ 3: ಎರಡು ಮುಖಗಳನ್ನು ಉಜ್ಜುವುದು

ಬ್ಲಾಕಿನ ಮುಖ ಮತ್ತು ಪ್ಲೇಟಿನ ಮುಖ ಕನ್ನಡಿಯಷ್ಟು ಸಪಾಟಾಗಿ ಕೂಡಬೇಕು. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ ಎರಡು ಹನಿ ಎಣ್ಣೆ ಹಾಕಿ. ಬ್ಲಾಕಿನ ಮುಖಕ್ಕೆ ಪರ್ಮನೆಂಟ್ ಮಾರ್ಕರ್ ಬಳಿಯಿರಿ. ಎಂಟರ ಆಕಾರದಲ್ಲಿ ಹತ್ತು ಸಲ ಉಜ್ಜಿ ತಿರುಗಿಸಿ ನೋಡಿ. ಮೊದಲು ಮೂಲೆಗಳಲ್ಲಿ ಮಾತ್ರ ಹಿತ್ತಾಳೆ ಹೊಳೆಯುತ್ತದೆ, ನಡುವೆ ಮಸಿ ಹಾಗೇ ಇರುತ್ತದೆ. ಮಸಿ ಪೂರ್ತಿ ಹೋಗುವವರೆಗೆ ಉಜ್ಜುತ್ತಾ ಇರಿ. ಆಮೇಲೆ 800, ಕೊನೆಗೆ 1200. ಪ್ಲೇಟಿಗೂ ಇದೇ ಉಪಚಾರ. ಬೆರಳಿನಿಂದ ಒತ್ತುವುದು ಜಾಸ್ತಿಯಾದರೆ ಅಂಚು ಸವೆದು ನಡು ಉಬ್ಬುತ್ತದೆ. ಹಗುರ ಕೈ ಸಾಕು.

ಉಜ್ಜಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ತೂತುಗಳಿಗೆ ಗಾಳಿ ಊದಿ. ನಮ್ಮ ಹುಬ್ಬಳ್ಳಿಯ ಧೂಳು ಗೊತ್ತಲ್ಲ, ಎಣ್ಣೆ ಹಚ್ಚಿದ ಮುಖವನ್ನು ರಾತ್ರಿಯಿಡೀ ತೆರೆದಿಟ್ಟರೆ ಬೆಳಿಗ್ಗೆ ಅದೇ ಇನ್ನೊಂದು ಉಜ್ಜುಕಾಗದ ಆಗಿರುತ್ತದೆ. ಬಟ್ಟೆ ಮುಚ್ಚಿಡಿ.

ಹಂತ 4: ಜೋಡಣೆ, ಫ್ಲೈವೀಲ್

ಕೀಲಿನ ಬೋಲ್ಟ್ ಪ್ಲೇಟಿನ ಹಿಂದೆ ಬಂದು, ಅದರ ಮೇಲೆ ಪೆನ್ನಿನ ಸ್ಪ್ರಿಂಗ್, ವಾಷರ್, ಎರಡು ನಟ್. ಸ್ಪ್ರಿಂಗ್ ಬಿಗಿಯಾದರೆ ಎಂಜಿನ್ ಏದುಸಿರು ಬಿಡುತ್ತದೆ, ಸಡಿಲವಾದರೆ ಮುಖದ ನಡುವಿನಿಂದ ಗಾಳಿ ಹೋಗುತ್ತದೆ. ಸಡಿಲದಿಂದ ಶುರುಮಾಡಿ ಕಾಲು ಸುತ್ತು, ಕಾಲು ಸುತ್ತು ಬಿಗಿ ಮಾಡುತ್ತಾ ಹೋಗಿ.

ಪಿಸ್ಟನ್ನಿನ ನಡುಗೆರೆ ಪ್ಲೇಟಿನ ಮುಖದಿಂದ 10.5 ಮಿ.ಮೀ. ದೂರದಲ್ಲಿ ಇರುತ್ತದೆ. ರಾಡಿನ ತುದಿ ಕ್ರ್ಯಾಂಕ್ ಪಿನ್ನಿನ ಮೇಲೆ ಅದೇ ದೂರದಲ್ಲಿ ಕೂಡುವಂತೆ ವಾಷರ್ ಹಾಕಿ. ರಾಡ್ ಸೊಟ್ಟಗಿದ್ದರೆ ಪಿಸ್ಟನ್ ಒಂದು ಕಡೆ ಉಜ್ಜುತ್ತದೆ, ಸಿಲಿಂಡರಿನ ಮುಖ ಎತ್ತಿಕೊಳ್ಳುತ್ತದೆ. ಪಿಸ್ಟನ್ ಪೂರ್ತಿ ಮೇಲೆ ಹೋದಾಗ ತಲೆ ಬಿರಡೆಗೆ ಬಡಿಯಬಾರದು, ಉಗಿಯ ತೂತನ್ನೂ ಮುಚ್ಚಬಾರದು. ಈ ಅಳತೆಯಲ್ಲಿ 2 ಮಿ.ಮೀ. ಖಾಲಿ ಉಳಿಯುತ್ತದೆ.

ಉಗಿ ಒಂದೇ ಕಡೆಯಿಂದ ತಳ್ಳುವುದರಿಂದ ಅರ್ಧ ಸುತ್ತು ಫ್ಲೈವೀಲಿನ ಬಲದಲ್ಲೇ ನಡೆಯಬೇಕು. 50 ಮಿ.ಮೀ. ವ್ಯಾಸ, 8 ಮಿ.ಮೀ. ದಪ್ಪದ ಕಬ್ಬಿಣದ್ದು ಸುಮಾರು 120 ಗ್ರಾಂ ತೂಗುತ್ತದೆ, ಅಷ್ಟು ಸಾಕು. ಪ್ಲಾಸ್ಟಿಕ್ ಚಕ್ರ ಹಾಕಿ "ಒಂದು ಸುತ್ತು ಹೊಡೆದು ನಿಲ್ಲುತ್ತದೆ" ಅನ್ನುವವರು ಬಹಳ.

ಹಂತ 5: ಗಾಳಿಯ ಪರೀಕ್ಷೆ

ಗೇಜ್ ಇರುವ ಕಾಲುಪಂಪ್ ತನ್ನಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರ ಒತ್ತಡ ಈ ಎಂಜಿನ್ನಿಗೆ ಹಲವು ಪಟ್ಟು ಜಾಸ್ತಿ. ಎಲ್ಲಾ ಕಡೆ ಎಣ್ಣೆ ಹಾಕಿ, ಪಂಪ್ ಒತ್ತುತ್ತಾ ಫ್ಲೈವೀಲಿಗೆ ಬೆರಳಿನಿಂದ ಒಂದು ತಳ್ಳು ಕೊಡಿ. ಚದುರಂಗದ ಆಟದಷ್ಟು ತಾಳ್ಮೆ ಬೇಕು ಇಲ್ಲಿ. ಪ್ರತಿ ಸಲ ಒಂದೇ ಒಂದನ್ನು ಬದಲಿಸಿ ನೋಡಿ. ಚದರ ಸೆಂಟಿಮೀಟರಿಗೆ ಅರ್ಧ ಕೆಜಿ ಒತ್ತಡದಲ್ಲಿ ತಿರುಗಿದರೆ ಗೆದ್ದಿರಿ.

ತಿರುಗದಿದ್ದರೆ ಎಂಜಿನ್ನೇ ಸುಳಿವು ಕೊಡುತ್ತದೆ. ಹೊರಗಿನ ಪೈಪಿನಿಂದ ಸದಾ ಗಾಳಿ ಬರುತ್ತಿದ್ದರೆ ಪಿನ್ ಮೇಲ್ತುದಿಗೆ ತಂದು ನಿಲ್ಲಿಸಿ. ಆಗಲೂ ಗಾಳಿ ಬಂದರೆ ತೂತು ದೊಡ್ಡದಾಗಿದೆ ಇಲ್ಲವೇ ಮುಖ ಸಪಾಟಾಗಿಲ್ಲ. ಬ್ಲಾಕಿನ ಅಂಚಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆಯೇ ಮುಖ ತಗ್ಗು. ಗಾಳಿ ಇಲ್ಲದೆಯೂ ಸುತ್ತಿನ ಒಂದೇ ಜಾಗದಲ್ಲಿ ಬಿಗಿ ಬಂದರೆ ರಾಡ್ ಸೊಟ್ಟಗಿದೆ, ಇಲ್ಲವೇ ಕ್ರ್ಯಾಂಕ್ ಪಿನ್ ವಾಲಿದೆ.

ತಿರುಗಿತು ಅಂದ ಕೂಡಲೇ ಸಂಭ್ರಮದಲ್ಲಿ ನಿಲ್ಲಿಸಬೇಡಿ. ಎಣ್ಣೆ ಹಾಕುತ್ತಾ ಅರ್ಧ ಗಂಟೆ ಓಡಿಸಿ. ಎರಡು ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವುದು ಈಗಲೇ.

ಹಂತ 6: ಬಾಯ್ಲರ್

ಇಲ್ಲಿ ದೊಡ್ಡವರು ಪಕ್ಕದಲ್ಲೇ ಇರಬೇಕು. ಮಕ್ಕಳಿಗೆ ಒಬ್ಬರೇ ಬಿಡುವ ಕೆಲಸ ಇದಲ್ಲ.

ಪೇಂಟ್ ಡಬ್ಬಿ, ಸೆಂಟ್ ಬಾಟಲಿಯ ತಗಡು, ಹಾಲಿನಪುಡಿ ಡಬ್ಬಿ ಯಾವುದೂ ಬಾಯ್ಲರ್ ಅಲ್ಲ. ಅವುಗಳ ಹೊಲಿಗೆ ಯಾವಾಗ ಬಿಡುತ್ತದೆ ಅಂತ ಹೇಳಲು ಬರುವುದಿಲ್ಲ. ಎಸಿ ಕೆಲಸಕ್ಕೆ ಬಳಸುವ ತಾಮ್ರದ ಪೈಪಿನಲ್ಲಿ 1⅝ ಇಂಚಿನದು ಸಿಗುತ್ತದೆ, ಅಂದರೆ ಸುಮಾರು 41 ಮಿ.ಮೀ. ಗೋಡೆ 1.2 ಮಿ.ಮೀ. ಇರಲಿ. 90 ಮಿ.ಮೀ. ಉದ್ದ ಕತ್ತರಿಸಿದರೆ ಒಳಗೆ ನೂರು ಮಿ.ಲೀ.ಗಿಂತ ಸ್ವಲ್ಪ ಜಾಸ್ತಿ ಹಿಡಿಸುತ್ತದೆ. ಎರಡೂ ತುದಿಗೆ 2 ಮಿ.ಮೀ. ತಾಮ್ರದ ಬಿಲ್ಲೆ, ಅಂಚು ಬಡಿದು ಮಡಚಿದ್ದು. ಬಿಲ್ಲೆಗಳು ಉಬ್ಬದಂತೆ ಈ ತುದಿಯಿಂದ ಆ ತುದಿಗೆ ನಡುವೆ ಒಂದು 4 ಮಿ.ಮೀ. ಕಂಚಿನ ರಾಡ್.

ಮೇಲ್ಭಾಗದಲ್ಲಿ ಮೂರು ಬುಷ್, ಅಂದರೆ ಒಳಗೆ ತಿರುಪು ಇರುವ, ಬೆಸೆದ ದಪ್ಪ ಉಂಗುರ: ನೀರು ತುಂಬಿಸಿ ಸೇಫ್ಟಿ ವಾಲ್ವ್ ಹಾಕಲು ಒಂದು, ಉಗಿಯ ಪೈಪಿಗೆ ಒಂದು, ಗೇಜಿಗೆ ಒಂದು. ಇವು ಗನ್‌ಮೆಟಲ್ ಅನ್ನುವ ಕಂಚಿನವು ಇರಲಿ, ಹಿತ್ತಾಳೆ ಬೇಡ. ಬಿಸಿನೀರಿನಲ್ಲಿ ಹಿತ್ತಾಳೆಯ ಸತು ಬಿಟ್ಟುಹೋಗಿ ಕಾಲಕ್ರಮೇಣ ಪೊಳ್ಳಾಗುತ್ತದೆ.

ಬೆಸುಗೆ ಬೆಳ್ಳಿಯದೇ ಆಗಬೇಕು. ನೀರು ಮುಗಿದು ಬೆಂಕಿ ಉರಿಯುತ್ತಿದ್ದರೆ ತಾಮ್ರ ಎರಡು ನಿಮಿಷದಲ್ಲಿ 183 ಡಿಗ್ರಿ ದಾಟುತ್ತದೆ, ಸೀಸದ ಬೆಸುಗೆ ಆಗ ಬೆಣ್ಣೆ. ನನ್ನ ಮೊದಲ ಬಾಯ್ಲರಿನ ಬಿಲ್ಲೆ ಹಾಗೇ ಕಿತ್ತುಕೊಂಡು ಅಂಗಳದ ಆಚೆ ಗೋಡೆಗೆ ಬಡಿಯಿತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಆ ಸದ್ದು ಇವತ್ತಿಗೂ ನೆನಪಿದೆ. ಬೆಳ್ಳಿ ಬೆಸುಗೆ ಬರದಿದ್ದರೆ ಫ್ರಿಜ್ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಪತ್ತಾರರಿಗೂ ಬಿಳಿಗಾರ ಹಚ್ಚಿ ಬೆಸೆಯುವ ಕೈ ಚೆನ್ನಾಗಿ ಕುದುರಿರುತ್ತದೆ, ಆದರೆ ಇಷ್ಟು ದೊಡ್ಡ ತಾಮ್ರ ಕಾಯಿಸಲು ದೊಡ್ಡ ಉರಿ ಬೇಕು. ಬೆಸೆಯುವ ಮುಂಚೆ ತಾಮ್ರವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು ಒಣಗಿಸಿ. ಕಪ್ಪು ಇದ್ದ ಕಡೆ ಬೆಸುಗೆ ಹರಿಯುವುದಿಲ್ಲ.

ಹಂತ 7: ನೀರಿನ ಒತ್ತಡದ ಪರೀಕ್ಷೆ, ಸೇಫ್ಟಿ ವಾಲ್ವ್

ನಾವು ಕೆಲಸ ಮಾಡುವ ಒತ್ತಡ ಚದರ ಸೆಂ.ಮೀ.ಗೆ 1 ಕೆಜಿ. ವಾಲ್ವ್ ತೆರೆಯುವುದು 1.5ಕ್ಕೆ. ಪರೀಕ್ಷೆ 3ಕ್ಕೆ.

ಪರೀಕ್ಷೆ ಯಾವಾಗಲೂ ತಣ್ಣೀರಿನಲ್ಲಿ. ಗಾಳಿಯಲ್ಲಿ ಬೇಡ. ಒಡೆದರೆ ನೀರು ಪಿಚಕ್ ಅಂತ ಸೋರಿ ನಿಲ್ಲುತ್ತದೆ, ಗಾಳಿಯಾದರೆ ಚೂರು ಸಿಡಿಯುತ್ತದೆ. ಬಾಯ್ಲರನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ. ಒಂದು ಬುಷ್‌ಗೆ ಗೇಜ್, ಇನ್ನೊಂದಕ್ಕೆ ಗಟ್ಟಿ ಕೊಳವೆಯಿಂದ 2 ಮಿ.ಲೀ. ಸಿರಿಂಜ್, ಮೂರನೆಯದನ್ನು ಮುಚ್ಚಿ. ಹೆಬ್ಬೆರಳಿನಿಂದ ಒತ್ತಿದರೆ ಮುಳ್ಳು ಮೂರಕ್ಕೆ ಏರುತ್ತದೆ, ಸಿರಿಂಜ್ ಅಷ್ಟು ಸಪೂರ ಇರುವುದರಿಂದಲೇ ಇದು ಸಾಧ್ಯ. ಹತ್ತು ನಿಮಿಷ ಹಿಡಿಯಿರಿ. ಬೆಸುಗೆಯ ಸುತ್ತ ಒಣ ಕಾಗದ ಒತ್ತಿ ನೋಡಿ, ಒದ್ದೆ ಆಗಬಾರದು. ಬಿಲ್ಲೆ ಉಬ್ಬಿದರೆ ಆ ಬಾಯ್ಲರ್ ಅಲ್ಲಿಗೇ ಮುಗಿಯಿತು, ಮತ್ತೆ ಬಡಿದು ಸರಿಮಾಡಬೇಡಿ.

ವಾಲ್ವಿಗೆ 3 ಮಿ.ಮೀ. ತೂತಿನ ಮೇಲೆ 5 ಮಿ.ಮೀ. ಸ್ಟೇನ್‌ಲೆಸ್ ಗುಂಡು, ಅದರ ಮೇಲೆ ಸ್ಪ್ರಿಂಗ್. ಈ ತೂತಿನ ಮೇಲೆ 1.5 ಕೆಜಿ ಒತ್ತಡ ಅಂದರೆ ಗುಂಡಿನ ಮೇಲೆ ಬೀಳುವ ಬಲ ಸುಮಾರು 105 ಗ್ರಾಂ ಅಷ್ಟೇ. ಸ್ಪ್ರಿಂಗ್ ಎಷ್ಟು ಮೆದು ಇರಬೇಕು ಅನ್ನುವುದು ಇದರಿಂದ ತಿಳಿಯುತ್ತದೆ. ವಾಲ್ವನ್ನು ಸಣ್ಣ ಕೊಳವೆಗೆ ಹಾಕಿ ಕಾಲುಪಂಪಿನಿಂದ ಒತ್ತಿ, ಗೇಜ್ ನೋಡುತ್ತಾ ನಟ್ ಹೊಂದಿಸಿ. ಮೂರು ಸಲ ಒಂದೇ ಅಂಕಿಗೆ ತೆರೆಯಬೇಕು. ಆಮೇಲೆ ನಟ್ ಮೇಲೆ ನಟ್ ಹಾಕಿ ಬಿಗಿಯಿರಿ. "ಲಾರಿ ಇನ್ನೂ ಜೋರಾಗಿ ಓಡಲಿ" ಅಂತ ವಾಲ್ವ್ ಬಿಗಿ ಮಾಡುವವರು ಈ ಕೆಲಸಕ್ಕೆ ಕೈ ಹಾಕಬಾರದು.

ಹಂತ 8: ಲಾರಿ, ಗೇರ್

ಚಾಸಿಗೆ 1 ಮಿ.ಮೀ. ಜಿಐ ತಗಡು. ಕಟ್ಟಿಗೆಯ ಲಾರಿ ಚೆಂದ ಕಾಣುತ್ತದೆ, ಆದರೆ ಬೆಂಕಿಯ ಹತ್ತಿರ ಕಟ್ಟಿಗೆ ಬೇಡ. ಮುಂದಿನ ಕ್ಯಾಬಿನ್ ಮಾತ್ರ ಕಟ್ಟಿಗೆಯದು ಮಾಡಬಹುದು.

ಎಂಜಿನ್ನನ್ನು ಸೀದಾ ಚಕ್ರಕ್ಕೆ ಜೋಡಿಸಿದರೆ ಲಾರಿ ಅಲ್ಲಾಡುವುದೂ ಇಲ್ಲ. ಹಳೇ ಆಟಿಕೆಗಳ ಗೇರ್ ಹಾಕಿ ಎಂಟಕ್ಕೆ ಒಂದು ಇಳಿಸಿ. ಎಂಜಿನ್ ನಿಮಿಷಕ್ಕೆ 400 ಸುತ್ತು ಹೊಡೆದರೆ ಚಕ್ರ 50 ಸುತ್ತು, 50 ಮಿ.ಮೀ. ಚಕ್ರಕ್ಕೆ ಅದು ನಿಮಿಷಕ್ಕೆ ಸುಮಾರು 8 ಮೀಟರ್. ನಡುಮನೆ ದಾಟಲು ಅಷ್ಟು ವೇಗ ಸಾಕಲ್ವಾ? ಒಟ್ಟು ತೂಕ ಒಂದೂಕಾಲು ಕೆಜಿ ಮೀರದಿರಲಿ.

ಹಂತ 9: ಬೆಂಕಿ, ಮೊದಲ ಓಟ

ಒಲೆಗೆ ಚಪ್ಪಟೆ ತಗಡಿನ ತಟ್ಟೆ, ಅದರೊಳಗೆ ಸೆರಾಮಿಕ್ ವುಲ್ (ಬೆಂಕಿಗೆ ಸುಡದ, ಹತ್ತಿಯಂಥ ವಸ್ತು), ಮೇಲೆ ಜಾಲರಿ. ಸ್ಪಿರಿಟ್ ವುಲ್‌ನಲ್ಲೇ ಹೀರಿಕೊಂಡಿರುವುದರಿಂದ ಲಾರಿ ಉರುಳಿದರೂ ಚೆಲ್ಲುವುದಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಎಳೆದು ತೆಗೆಯಲು ಉದ್ದ ತಂತಿಯ ಹಿಡಿ, ನಂದಿಸಲು ಒಂದು ಮುಚ್ಚಳ. ಕರ್ಪೂರ ಬೇಡ, ಮಸಿ ಕಟ್ಟುತ್ತದೆ.

ನೀರು 70 ಮಿ.ಲೀ., ಸ್ಪಿರಿಟ್ 15 ಮಿ.ಲೀ. ಎರಡನ್ನೂ ಸಿರಿಂಜಿನಿಂದ ಅಳೆದೇ ಹಾಕಿ. ಇಷ್ಟು ಸ್ಪಿರಿಟ್ ಮುಗಿದಾಗಲೂ ಬಾಯ್ಲರಿನಲ್ಲಿ ನೀರು ಉಳಿದಿರುತ್ತದೆ. ನೀರಿಗಿಂತ ಮೊದಲು ಬೆಂಕಿ ಆರಬೇಕು, ಈ ಅಳತೆ ಇರುವುದೇ ಅದಕ್ಕೆ. ಬೋರ್ ನೀರು ಹಾಕಬೇಡಿ, ಗದಗ ಕಡೆಯ ಗಡಸು ನೀರಂತೂ ನಾಲ್ಕೇ ಓಟಕ್ಕೆ ಒಳಗೆ ಬಿಳಿ ಪದರ ಕಟ್ಟಿಸುತ್ತದೆ. ಮಳೆನೀರು ಸೋಸಿ ಹಾಕಿ.

ಸಿಲಿಂಡರಿಗೆ ದಪ್ಪ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ತೆಳು, ಉಗಿಗೆ ತೊಳೆದುಹೋಗುತ್ತದೆ.

ಬಯಲಲ್ಲಿ, ಸಮ ನೆಲದ ಮೇಲೆ ಓಡಿಸಿ. ಕನ್ನಡಕ ಹಾಕಿಕೊಳ್ಳಿ, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ. ಬಿಸಿಲಲ್ಲಿ ಸ್ಪಿರಿಟ್ಟಿನ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿಯುವುದರಿಂದಲೇ ದೊಡ್ಡ ಅನಾಹುತ ಆಗುತ್ತದೆ. ತಟ್ಟೆ ಪೂರ್ತಿ ತಣ್ಣಗಾಗದೆ ಮತ್ತೆ ತುಂಬಬೇಡಿ. ಧಾರವಾಡದ ಮಳೆಗಾಲದ ಗಾಳಿಗೆ ಉರಿ ನಿಲ್ಲುವುದಿಲ್ಲ, ಬಾಯ್ಲರಿನ ಎರಡೂ ಪಕ್ಕ ತಗಡಿನ ಮರೆ ಬೇಕು.

ಮುಳ್ಳು 1ಕ್ಕೆ ಬರುವವರೆಗೆ ಚಕ್ರಗಳನ್ನು ನೆಲದಿಂದ ಎತ್ತಿಡಿ. ಮೊದಲು ಎಂಜಿನ್ ತಿರುಗುವುದಿಲ್ಲ, ಬಿಸಿನೀರು ಉಗುಳುತ್ತದೆ. ತಣ್ಣನೆ ಸಿಲಿಂಡರಿನಲ್ಲಿ ಉಗಿ ನೀರಾಗುವುದು ಸಹಜ. ಬಟ್ಟೆ ಹಿಡಿದ ಕೈಯಿಂದ ಫ್ಲೈವೀಲನ್ನು ಹತ್ತು ಹದಿನೈದು ಸಲ ತಿರುಗಿಸಿ. ಉಗುಳುವುದು ನಿಂತು ಟಪಟಪ ಸದ್ದು ಬಂದ ಮೇಲೆ ಲಾರಿಯನ್ನು ಕೆಳಗಿಡಿ. ಐದು ನಿಮಿಷವಾದರೂ ಉಗುಳುತ್ತಲೇ ಇದ್ದರೆ ನೀರು ಜಾಸ್ತಿ ತುಂಬಿದ್ದೀರಿ.

ಮುಳ್ಳು 1.5 ದಾಟಿಯೂ ವಾಲ್ವ್ ತೆರೆಯದಿದ್ದರೆ ವಾಲ್ವ್ ಮುಟ್ಟಬೇಡಿ, ಅದರ ಮೇಲೆ ಬಗ್ಗಬೇಡಿ. ತಂತಿ ಹಿಡಿದು ಒಲೆ ಎಳೆದು ಮುಚ್ಚಿ, ದೂರ ನಿಲ್ಲಿ. ಮುಳ್ಳು ಸೊನ್ನೆಗೆ ಬಂದು ಬಾಯ್ಲರ್ ಕೈಗೆ ತಣ್ಣಗಾದ ಮೇಲೆಯೇ ಬಿಚ್ಚಿ ನೋಡಿ. ಹೆಚ್ಚಾಗಿ ಗುಂಡಿನ ಕೆಳಗೆ ಪದರ ಕಟ್ಟಿರುತ್ತದೆ.

ಓಟ ಮುಗಿದ ಮೇಲೆ ಉಳಿದ ನೀರು ಚೆಲ್ಲಿ, ಬುಷ್‌ಗಳನ್ನು ತೆರೆದಿಟ್ಟು ಒಣಗಿಸಿ. ಚೆಲ್ಲುವ ಮುಂಚೆ ಆ ನೀರನ್ನು ಅಳೆದು ಬರೆದಿಡಿ. ಮುಂದಿನ ಓಟಕ್ಕೆ ಎಷ್ಟು ನೀರು, ಎಷ್ಟು ಸ್ಪಿರಿಟ್ ಅಂತ ನಿಮ್ಮ ಬಾಯ್ಲರಿನ ಲೆಕ್ಕ ಅದರಿಂದಲೇ ಸಿಗುತ್ತದೆ.